ಆದೇಶವೆಂಬ ಶಬ್ದದ ಅರ್ಥವಿಚಾರ



ಪಾಠಶಾಲೆಯಲ್ಲಿ ವ್ಯಾಕರಣಕ್ಕೆ ಹೊಸದಾಗಿ ಕುಳಿತ ವಿದ್ಯಾರ್ಥಿಯು ಮೊದಲ ಕೆಲವು ದಿನಗಳಲ್ಲಿಯೇ ಒಂದು ತೊಡಕಿಗೆ ಸಿಕ್ಕಿಬೀಳುವನು. ಕಚೇರಿಯಿಂದ ಬಂದ ಕಾಗದದ ನೆತ್ತಿಯ ಮೇಲೆ ‘ಆದೇಶ’ ಎಂದಿದ್ದರೆ ಅದು ಮೇಲಿನವರ ಅಪ್ಪಣೆಯೆಂದು ಅವನು ಮನೆಯಲ್ಲಿ ಕೇಳಿ ಬಲ್ಲನು. ಅದೇ ಶಬ್ದವು ವ್ಯಾಕರಣದ ಪುಸ್ತಕದಲ್ಲಿ ‘ಕಕಾರಕ್ಕೆ ಗಕಾರವು ಆದೇಶವಾಗಿ ಬರುವುದು’ ಎಂಬ ರೂಪದಲ್ಲಿ ಎದುರಾದಾಗ, ಕಕಾರಕ್ಕೆ ಗಕಾರವು ಏನನ್ನು ಅಪ್ಪಣೆ ಮಾಡಿತು ಎಂದು ಬೆರಗಾಗುವನು. ಉಪಾಧ್ಯಾಯರು, ‘ಇಲ್ಲಿ ಆದೇಶವೆಂದರೆ ಒಂದರ ಬದಲಿಗೆ ಇನ್ನೊಂದು ಬರುವುದು, ಬರೆದುಕೊ’ ಎಂದು ಹೇಳಿ ಮುಂದಕ್ಕೆ ಸಾಗುವರು. ಹುಡುಗನು ಬರೆದುಕೊಳ್ಳುವನು, ಆದರೆ ಅಪ್ಪಣೆಗೂ ಬದಲಿಗೂ ಏನು ನಂಟೆಂಬುದು ಅವನಿಗೆ ತಿಳಿಯದೆಯೇ ಉಳಿಯುವುದು. ತಿಳಿಯದೆ ಉಳಿದ ಈ ನಂಟು ಕ್ಷುಲ್ಲಕವಾದುದಲ್ಲ. ಒಂದು ವಸ್ತುವು ಹೋಗಿ ಅದರ ಎಡೆಯಲ್ಲಿ ಇನ್ನೊಂದು ನಿಂತಾಗ ಹೋದುದರ ಹಕ್ಕುಗಳಲ್ಲಿ ಯಾವುವು ಬಂದುದಕ್ಕೆ ಸಲ್ಲುವುವು, ಯಾವುವು ಸಲ್ಲವು ಎಂಬ ಪ್ರಶ್ನೆಯನ್ನು ಪ್ರಾಚೀನ ವೈಯಾಕರಣರು ಈ ಒಂದು ಶಬ್ದವನ್ನು ಹಿಡಿದುಕೊಂಡೇ ವಿಚಾರಿಸಿರುವರು.

ಶಬ್ದದ ಮೂಲವು ಸಂಸ್ಕೃತದ ‘ದಿಶ್’ ಎಂಬ ಧಾತು. ಬೆರಳಿಟ್ಟು ತೋರಿಸುವುದು ಎಂಬುದೇ ಅದರ ಅರ್ಥ. ತೋರಿಸಿದ ಕಡೆಯು ದಿಕ್ಕು, ತೋರಿಸಿದ ನೆಲವು ದೇಶ. ಬಳಿ ಕುಳ್ಳಿರಿಸಿಕೊಂಡು ತೋರಿಸಿಕೊಟ್ಟುದು ಉಪದೇಶ. ದೂರದಲ್ಲಿರುವವನಿಗೆ ಹೇಳಿ ಕಳುಹಿಸಿದುದು ಸಂದೇಶ. ಮನಸ್ಸು ಯಾವುದರತ್ತ ಮುಖಮಾಡಿರುವುದೋ ಅದು ಉದ್ದೇಶ. ಆದೇಶವೂ ಇದೇ ಮನೆತನದ್ದು. ‘ಹೀಗೆ’ ಎಂದು ತೋರಿಸಿ ಹೇಳುವುದು ಅದರ ಮೊದಲ ಅರ್ಥ. ಛಾಂದೋಗ್ಯೋಪನಿಷತ್ತಿನಲ್ಲಿ ಹನ್ನೆರಡು ವರುಷ ಓದಿ ಬೀಗುತ್ತ ಮನೆಗೆ ಬಂದ ಶ್ವೇತಕೇತುವನ್ನು ತಂದೆಯಾದ ಉದ್ದಾಲಕನು ಕೇಳುವ ಪ್ರಶ್ನೆಯಲ್ಲಿ ಈ ಶಬ್ದವು ಬಂದಿದೆ. ಯಾವುದರಿಂದ ಕೇಳದುದೂ ಕೇಳಿದಂತಾಗುವುದೋ ಆ ಆದೇಶವನ್ನು ಗುರುಗಳಲ್ಲಿ ಕೇಳಿಕೊಂಡೆಯಾ ಎಂಬುದು ಆ ಪ್ರಶ್ನೆಯ ತಾತ್ಪರ್ಯ. ಅಲ್ಲಿ ಆದೇಶವೆಂದರೆ ಆಳನ್ನು ಓಡಿಸುವ ಅಪ್ಪಣೆಯಲ್ಲ, ತತ್ತ್ವವನ್ನು ತೋರಿಸಿಕೊಡುವ ಮಾತು. ನಾಥಪಂಥದ ಯೋಗಿಗಳು ಒಬ್ಬರನ್ನೊಬ್ಬರು ಕಂಡಾಗ ವಂದನೆಗಾಗಿ ಉಚ್ಚರಿಸುವುದೂ ಇದೇ ಶಬ್ದವನ್ನು. ಮಂಗಳೂರಿನ ಕದ್ರಿಯ ಜೋಗಿಮಠವು ಆ ಪಂಥಕ್ಕೇ ಸೇರಿದುದು.

ತೋರಿಸಿ ಹೇಳುವುದೆಂಬ ಈ ಅರ್ಥದಿಂದ ವೈಯಾಕರಣರ ಅರ್ಥಕ್ಕೆ ದಾರಿಯು ಬಹು ಸಮೀಪವಾಗಿದೆ. ‘ಇದರ ಸ್ಥಾನದಲ್ಲಿ ಇದನ್ನು ಹೇಳತಕ್ಕದ್ದು’ ಎಂದು ಶಾಸ್ತ್ರವು ಬೆರಳಿಟ್ಟು ತೋರಿಸುವುದರಿಂದ, ಹಾಗೆ ತೋರಿಸಲ್ಪಟ್ಟ ಅಕ್ಷರಕ್ಕೆ ಆದೇಶವೆಂದು ಹೆಸರಾಯಿತು. ಯಾವುದರ ಸ್ಥಾನದಲ್ಲಿ ಅದು ಬಂದಿತೋ ಅದಕ್ಕೆ ‘ಸ್ಥಾನಿ’ ಎಂದು ಹೆಸರು, ಸ್ಥಾನವುಳ್ಳದ್ದು ಎಂದರ್ಥ. ಸ್ಥಾನವನ್ನು ಬಿಟ್ಟುಹೋದುದಕ್ಕೇ ಸ್ಥಾನವುಳ್ಳದ್ದೆಂಬ ಹೆಸರನ್ನು ಕೊಟ್ಟಿರುವುದು ಗಮನಿಸತಕ್ಕ ಸಂಗತಿ.

ಕನ್ನಡ ವ್ಯಾಕರಣದಲ್ಲಿ ಸಂಧಿಗಳು ಲೋಪ, ಆಗಮ, ಆದೇಶವೆಂದು ಮೂರು ಬಗೆ. ಇದ್ದ ಅಕ್ಷರವು ಹೋಗುವುದು ಲೋಪ, ಇಲ್ಲದ ಅಕ್ಷರವು ಬಂದು ಸೇರುವುದು ಆಗಮ, ಒಂದು ಹೋಗಿ ಅದರ ಎಡೆಯಲ್ಲಿ ಇನ್ನೊಂದು ನಿಲ್ಲುವುದು ಆದೇಶ. ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ಈ ವಿಷಯವನ್ನು ಕಂದಪದ್ಯಗಳಲ್ಲಿ ಹೇಳಿ ವೃತ್ತಿಯಲ್ಲಿ ವಿವರಿಸಿರುವನು. 1604ರಲ್ಲಿ ಭಟ್ಟಾಕಳಂಕನು ತನ್ನ ಶಬ್ದಾನುಶಾಸನದಲ್ಲಿ ಕನ್ನಡದ ಲಕ್ಷಣವನ್ನು ಸಂಸ್ಕೃತ ಸೂತ್ರಗಳಿಂದಲೇ ಬಿಗಿದು ಕಟ್ಟಿರುವನು. ಮಳೆ, ಕಾಲ ಎಂಬಿವು ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಕಣ್, ಪನಿ ಸೇರಿ ಕಂಬನಿ. ಕ ತ ಪ ಗಳಿಗೆ ಗ ದ ಬ ಗಳು ಆದೇಶ. ಮೆಲ್, ಮಾತು ಸೇರಿ ಮೆಲ್ವಾತು. ಇಲ್ಲಿ ಮಕಾರಕ್ಕೆ ವಕಾರ. ಇನ್, ಸರ ಸೇರಿ ಇಂಚರ. ಇಲ್ಲಿ ಸಕಾರಕ್ಕೆ ಚಕಾರ. ಮನೆಗೆಲಸವೆಂಬುದು ಈ ನಿಯಮದಂತೆ ಆದ ರೂಪ. ಮನೆಕೆಲಸವೆಂದು ಆದೇಶವಿಲ್ಲದೆ ಆಡುವವರೂ ಈಗ ಬಹುಮಂದಿ ಇದ್ದಾರೆ.

ಬಾಯಿಗೆ ಬಂದ ಅಕ್ಷರವನ್ನು ಎಲ್ಲಿ ಬೇಕಾದರೂ ಹಾಕುವುದು ಆದೇಶವಲ್ಲ. ಕಕಾರ ಗಕಾರಗಳೆರಡೂ ಕಂಠದಲ್ಲಿ ಹುಟ್ಟುವುವು, ತಕಾರ ದಕಾರಗಳು ಹಲ್ಲಿನಲ್ಲಿ, ಪಕಾರ ಬಕಾರಗಳು ತುಟಿಯಲ್ಲಿ. ಮೊದಲನೆಯವು ಬರಿಯ ಉಸಿರಿನಿಂದ ಆಗತಕ್ಕವು, ಎರಡನೆಯವು ನಾದವುಳ್ಳವು. ಮಳೆ ಎಂಬುದರ ಕೊನೆಯ ಸ್ವರವೂ ಕಾಲ ಎಂಬುದರ ಆಕಾರವೂ ನಾದವುಳ್ಳವಾದುದರಿಂದ ನಡುವಣ ಕಕಾರವೂ ನೆರೆಯವರಂತೆ ನಾದವನ್ನು ಪಡೆದು ಗಕಾರವಾಗುವುದು. ಹುಟ್ಟಿದ ಎಡೆಯನ್ನು ಮಾತ್ರ ಬಿಡುವುದಿಲ್ಲ. ಕಕಾರಕ್ಕೆ ಬಕಾರವು ಆದೇಶವಾಗಿ ಬಂದುದನ್ನು ಈ ಸಂಧಿಯಲ್ಲಿ ಯಾರೂ ಕಾಣರು. ಪಾಣಿನಿಯೂ ತನ್ನ ಅಷ್ಟಾಧ್ಯಾಯಿಯಲ್ಲಿ, ಆದೇಶವಾಗತಕ್ಕವು ಹಲವಿದ್ದರೆ ಸ್ಥಾನಿಗೆ ಎಲ್ಲಕ್ಕಿಂತ ಹತ್ತಿರವಾದುದನ್ನೇ ತೆಗೆದುಕೊಳ್ಳಬೇಕೆಂದು ವಿಧಿಸಿರುವನು. ವ್ಯಾಖ್ಯಾನಕಾರರು ಈ ಹತ್ತಿರತನವನ್ನು ಉಚ್ಚಾರಣಸ್ಥಾನ, ಅರ್ಥ, ಗುಣ, ಪ್ರಮಾಣ ಎಂಬ ನಾಲ್ಕರಿಂದ ಅಳೆದಿರುವರು.

ಪಾಠಶಾಲೆಗಳಲ್ಲಿ ಒಂದು ಹಳೆಯ ಹೋಲಿಕೆಯು ರೂಢಿಯಲ್ಲಿದೆ. ಆಗಮವು ಗೆಳೆಯನಂತೆ ಬಂದು ಪಕ್ಕದಲ್ಲಿ ಕುಳಿತುಕೊಳ್ಳುವುದಂತೆ. ಆದೇಶವು ಹಗೆಯಂತೆ ಬಂದು ಇದ್ದವನನ್ನು ಎಬ್ಬಿಸಿ ತಾನು ಕುಳಿತುಕೊಳ್ಳುವುದಂತೆ. ಬಾಲಕರ ನೆನಪಿಗೆ ಇದು ಬಹಳ ಅನುಕೂಲವಾದುದು. ಆದರೆ ಆದೇಶದ ವಿಷಯದಲ್ಲಿ ನ್ಯಾಯವಾದುದಲ್ಲ. ಹಗೆಯು ಮನೆಯನ್ನು ಹೊಕ್ಕರೆ ಮೊದಲಿದ್ದವನ ಗುರುತನ್ನೆಲ್ಲ ಅಳಿಸಿಹಾಕುವನು. ಆದೇಶವು ಹಾಗೆ ಮಾಡುವುದಿಲ್ಲ. ಕಂಬನಿಯೆಂಬ ಮಾತನ್ನೇ ನೋಡಬಹುದು. ಹತ್ತನೆಯ ಶತಮಾನದಿಂದೀಚೆಗೆ ಕನ್ನಡದಲ್ಲಿ ಮಾತಿನ ಮೊದಲಿನ ಪಕಾರವು ಮೆಲ್ಲಮೆಲ್ಲನೆ ಹಕಾರವಾಯಿತು. ಪಾಲು ಹಾಲಾಯಿತು, ಪಾವು ಹಾವಾಯಿತು, ಪನಿ ಹನಿಯಾಯಿತು. ಹನಿಯೆಂಬುದನ್ನು ಮಾತ್ರ ಬಲ್ಲ ಈಗಿನ ಬಾಲಕನಿಗೆ ಕಣ್ಣಿನ ಹನಿಯು ಕಂಬನಿಯಾದುದು ಹೇಗೆಂಬುದು ಒಗಟೇ ಸರಿ, ಹಕಾರಕ್ಕೆ ಬಕಾರವು ಹತ್ತಿರದ ನಂಟನಲ್ಲವಷ್ಟೆ. ಆ ಬಕಾರವು ಬಂದುದು ಪಕಾರದ ಎಡೆಗೆ. ಬೇರೆಲ್ಲ ಕಡೆಯೂ ಮರೆತುಹೋದ ಪಕಾರವನ್ನು ಅದರ ಎಡೆಯಲ್ಲಿ ನಿಂತ ಬಕಾರವು ಇಂದಿನವರೆಗೆ ಕಾಪಾಡಿಕೊಂಡು ಬಂದಿದೆ. ಹೆಬ್ಬಾವಿನಲ್ಲಿ ಪಾವು, ಹೆಬ್ಬುಲಿಯಲ್ಲಿ ಪುಲಿ, ಕಿಬ್ಬೊಟ್ಟೆಯಲ್ಲಿ ಪೊಟ್ಟೆ ಹೀಗೆಯೇ ಬದುಕಿಕೊಂಡಿವೆ. ಹಳಗನ್ನಡವನ್ನು ಒಂದಕ್ಷರವೂ ಓದದ ಒಕ್ಕಲುಮಗನು ಹೊಲದಲ್ಲಿ ಹೆಬ್ಬಾವನ್ನು ಕಂಡು ಕೂಗಿದಾಗ, ಸಾವಿರ ವರುಷದ ಹಿಂದಿನ ಅಕ್ಷರದ ನೆರಳನ್ನು ಉಚ್ಚರಿಸುತ್ತಿರುವನು.

ಹಗೆಯ ಹೋಲಿಕೆಗಿಂತ ಮೇಲಾದ ಹೋಲಿಕೆಯು ಪತಂಜಲಿಯ ಮಹಾಭಾಷ್ಯದಲ್ಲಿ ದೊರೆಯುವುದು. ಆದೇಶವನ್ನು ಸ್ಥಾನಿಯಂತೆಯೇ ಕಾಣತಕ್ಕದ್ದು, ಆದರೆ ಬರಿಯ ಅಕ್ಷರವನ್ನು ಅವಲಂಬಿಸಿದ ವಿಧಿಗಳಲ್ಲಿ ಹಾಗೆ ಕಾಣಕೂಡದು ಎಂಬುದು ಪಾಣಿನಿಯ ನಿಯಮ. ಸಂಸ್ಕೃತದಲ್ಲಿ ‘ಹೋಗಿ’ ಎಂಬ ಅರ್ಥದಲ್ಲಿ ಗತ್ವಾ ಎಂದಾಗುವುದು. ಹಿಂದೆ ‘ಆ’ ಎಂಬ ಉಪಸರ್ಗವು ಸೇರಿದರೆ ‘ತ್ವಾ’ ಹೋಗಿ ಅದರ ಎಡೆಯಲ್ಲಿ ‘ಯ’ ಬಂದು ಆಗತ್ಯ ಎಂದಾಗುವುದು. ತ್ವಾ ಎಂಬುದು ಕೃತ್ಪ್ರತ್ಯಯ, ಅದರಿಂದಾದ ಪದವು ಅವ್ಯಯ. ಯ ಎಂಬುದಕ್ಕೂ ಆ ಪದವಿಯೆಲ್ಲ ತಾನಾಗಿಯೇ ದೊರೆಯುವುದು. ಆದರೆ ತಕಾರವಿದ್ದುದರಿಂದ ಮಾತ್ರ ಆಗುತ್ತಿದ್ದ ಕಾರ್ಯಗಳು ಯಕಾರಕ್ಕೆ ಆಗುವುದಿಲ್ಲ. ಪದವಿಯು ಬಂದಿತು, ಮೈ ಬರಲಿಲ್ಲ. ಈ ನಿಯಮವನ್ನು ಲೋಕದ ರೂಢಿಯಿಂದ ಸಾಧಿಸುತ್ತ ಪತಂಜಲಿಯು, ಉಪಾಧ್ಯಾಯನಿಗೆ ಬದಲಾಗಿ ಶಿಷ್ಯನು ಯಜಮಾನರ ಮನೆಗಳಿಗೆ ಹೋದರೆ ಅವನಿಗೂ ಮೊದಲ ಆಸನವೇ ಮುಂತಾದ ಮರ್ಯಾದೆಗಳು ದೊರೆಯುವುವು ಎನ್ನುವನು. ಗುರುಪುತ್ರನಲ್ಲಿ ಗುರುವಿನಲ್ಲಿ ನಡೆದಂತೆಯೇ ನಡೆಯಬೇಕೆಂಬ ಮಾತನ್ನೂ ತರುವನು. ಆದರೆ ಅದಕ್ಕೆ ಮಿತಿಯುಂಟು: ಗುರುವಿನ ಉಚ್ಛಿಷ್ಟವನ್ನು ಸೇವಿಸುವುದು, ಅವನ ಪಾದಗಳನ್ನು ಹಿಡಿದು ವಂದಿಸುವುದು, ಈ ಎರಡನ್ನು ಬಿಟ್ಟು ಉಳಿದುದೆಲ್ಲ ಗುರುಪುತ್ರನಿಗೆ ಸಲ್ಲುವುದು. ಆ ಪುತ್ರನು ತಾನೇ ಗುರುವಾಗಿದ್ದ ಪಕ್ಷದಲ್ಲಿ ಆ ಎರಡೂ ಸಲ್ಲುವುವೆಂದು ಭಾಷ್ಯಕಾರನು ಕೂಡಲೇ ಸೇರಿಸುವನು.

ಅಕ್ಷರಗಳ ವಿಚಾರದಲ್ಲಿ ಬಂದ ಈ ಮಾತು ಮಠಗಳ ಪರಂಪರೆಯನ್ನು ಬಲ್ಲವರಿಗೆ ಹೊಸದಾಗಿ ತೋರಲಾರದು. ಹಿಂದಿನ ಗುರುಗಳು ಲಿಂಗೈಕ್ಯರಾದ ಬಳಿಕ ಪಟ್ಟಕ್ಕೆ ಬಂದ ಮರಿದೇವರಿಗೆ ಅದೇ ಪೀಠ, ಅದೇ ಬಿರುದು, ಅದೇ ಪಲ್ಲಕ್ಕಿ, ಭಕ್ತರ ಅದೇ ಶರಣು. ಇವು ಸ್ಥಾನಕ್ಕೆ ಸೇರಿದವು, ಸ್ಥಾನದೊಡನೆಯೇ ಬರುವುವು. ಹಿಂದಿನವರ ತಪಸ್ಸು, ಪಾಂಡಿತ್ಯ, ಅವರ ದನಿ, ಊರೂರಿನ ಭಕ್ತರ ಹೆಸರು ಹಿಡಿದು ಮಾತನಾಡಿಸುವ ಅವರ ನೆನಪು, ಇವು ಪೀಠದಲ್ಲಿ ಇಟ್ಟು ಹೋಗುವ ವಸ್ತುಗಳಲ್ಲ. ಭಕ್ತರಲ್ಲಿ ಕೆಲವರು ಹೊಸಬರಲ್ಲಿ ಹಳಬರ ದನಿಯನ್ನೇ ಹುಡುಕಿ ನೊಂದುಕೊಳ್ಳುವರು. ಕೆಲವರು ಪೀಠವೇರಿದ ದಿನವೇ ಸಕಲವೂ ಬಂದಿತೆಂದು ಭಾವಿಸುವರು. ಭಾಷ್ಯಕಾರನ ಮಾತನ್ನು ಹಿಡಿದರೆ ಎರಡು ಕಡೆಯ ಎಡವೂ ತಪ್ಪುವುದು. ಸ್ಥಾನದ ಮರ್ಯಾದೆಯು ಅಂದೇ ಸಲ್ಲತಕ್ಕದ್ದು. ಗುರುತನದ ಮರ್ಯಾದೆಯು ಅವರು ತಾವೇ ಗುರುವಾದಂದು ಸಲ್ಲುವುದು.

ಪತಂಜಲಿಯು ಇನ್ನೂ ಒಂದು ಸೂಕ್ಷ್ಮವನ್ನು ಎತ್ತಿರುವನು. ಸೋಮಲತೆಯು ದೊರೆಯದಾಗ ಅದರ ಸ್ಥಾನದಲ್ಲಿ ಪೂತೀಕವೆಂಬ ಹುಲ್ಲನ್ನು ಹಿಂಡಬೇಕೆಂದು ಯಜ್ಞಶಾಸ್ತ್ರವು ಹೇಳುವುದು. ಅಲ್ಲಿ ಮೊದಲು ಸೋಮವನ್ನು ಇಟ್ಟು, ತೆಗೆದು, ಆಮೇಲೆ ಹುಲ್ಲನ್ನು ಇಟ್ಟರೇ? ಇಲ್ಲ, ಸೋಮವು ಅಲ್ಲಿ ಬಂದೇ ಇರಲಿಲ್ಲ. ಆದುದರಿಂದ ಸ್ಥಾನವೆಂದರೆ ಮೊದಲು ಇದ್ದ ಎಡೆಯೆಂದಲ್ಲ, ಬರಬೇಕಾಗಿದ್ದ ಸಂದರ್ಭವೆಂದು ಅರ್ಥ. ಶಬ್ದವು ನಿತ್ಯವೆಂಬುವರಿಗೆ ಇದು ದೊಡ್ಡ ಆಸರೆಯಾಯಿತು. ಅಕ್ಷರವೊಂದು ಸತ್ತು ಇನ್ನೊಂದು ಹುಟ್ಟಿದರೆ ಶಬ್ದವು ನಿತ್ಯವಾಗುವುದು ಹೇಗೆಂಬ ಆಕ್ಷೇಪಕ್ಕೆ ಭಾಷ್ಯದಲ್ಲಿ ಮರಗಳ ದೃಷ್ಟಾಂತವಿದೆ. ಊರಿನ ಮೂಡಣಕ್ಕೆ ಮಾವಿನ ಮರಗಳಿವೆಯೆಂದು ಒಬ್ಬನು ಹೇಳಲು, ಕೇಳಿದವನಿಗೆ ಅಲ್ಲಿರುವ ಮರಗಳೆಲ್ಲವೂ ಮಾವೆಂಬ ಬುದ್ಧಿ ಹುಟ್ಟುವುದು. ಆಮೇಲೆ, ಹಾಲು ಸುರಿಸುವ, ಬಿಳಲುಗಳನ್ನು ಇಳಿಬಿಟ್ಟ, ಅಗಲವಾದ ಎಲೆಗಳುಳ್ಳವು ಆಲದ ಮರಗಳೆಂದು ತಿಳಿಸಲು, ಅವುಗಳ ವಿಷಯದಲ್ಲಿ ಮಾವೆಂಬ ಬುದ್ಧಿಯು ಹೋಗಿ ಆಲವೆಂಬ ಬುದ್ಧಿಯು ಬರುವುದು. ಮರಗಳಲ್ಲಿ ಯಾವುದೂ ಇನ್ನೊಂದಾಗಲಿಲ್ಲ. ಬದಲಾದುದು ತಿಳಿವಳಿಕೆ ಮಾತ್ರ.

ಮೀಮಾಂಸಕರು ಇಂತಹ ಸಂದರ್ಭದಲ್ಲಿ ‘ಪ್ರತಿನಿಧಿ’ ಎಂಬ ಬೇರೊಂದು ಶಬ್ದವನ್ನು ಬಳಸುವರು. ಬತ್ತವು ದೊರೆಯದಿದ್ದರೆ ನೀವಾರವೆಂಬ ಕಾಡುಬತ್ತವನ್ನು ಅದರ ಪ್ರತಿನಿಧಿಯಾಗಿ ತರಬಹುದು. ಏಕೆಂದರೆ ಅದು ಅದಕ್ಕೆ ಎಲ್ಲಕ್ಕಿಂತ ಹೋಲುವುದು. ಆದರೆ ದೇವತೆಗೆ ಪ್ರತಿನಿಧಿಯಿಲ್ಲ, ಅಗ್ನಿಗಿಲ್ಲ, ಮಂತ್ರಕ್ಕಿಲ್ಲ. ಯಜಮಾನನಿಗೂ ಇಲ್ಲ, ಹಲವರು ಕೂಡಿ ಮಾಡುವ ಸತ್ರದಲ್ಲಿ ಒಬ್ಬನು ತೀರಿಕೊಂಡರೆ ಮಾತ್ರ ಎಣಿಕೆಯನ್ನು ತುಂಬಲು ಇನ್ನೊಬ್ಬನನ್ನು ಸೇರಿಸಬಹುದು. ಪ್ರತಿನಿಧಿಯು ಆಪತ್ತಿಗೆ ಬಂದವನು, ಆದೇಶವು ವಿಧಿಯಿಂದಲೇ ಬಂದುದು, ಇದು ಭೇದ. ಇನ್ನು ‘ಪರ್ಯಾಯ’ವೆಂಬುದು ಸರದಿ. ಉಡುಪಿಯ ಅಷ್ಟಮಠಗಳಲ್ಲಿ ಎರಡು ವರುಷಕ್ಕೊಮ್ಮೆ ಪೂಜೆಯು ಕೈ ಬದಲಾಯಿಸುವುದಕ್ಕೆ ಈ ಹೆಸರೇ ಇದೆ. ಅಲ್ಲಿ ಇಳಿದ ಮಠದ ಸರದಿಯು ಮತ್ತೆ ಬರುವುದು.

ವಿಧಿಯಿಲ್ಲದೆ ಬಂದ ಬದಲಾವಣೆಯಿಂದ ಆಗುವ ಹಾನಿಯನ್ನು ತಾಡವೋಲೆಗಳನ್ನು ಓದುವವರು ಚೆನ್ನಾಗಿ ಬಲ್ಲರು. ಹಳಗನ್ನಡದಲ್ಲಿ ಱ, ೞ ಎಂಬ ಎರಡು ಅಕ್ಷರಗಳಿದ್ದುವು. ಬಾೞ್ ಎಂದರೆ ಬದುಕು, ಬಾಳ್ ಎಂದರೆ ಕತ್ತಿ. ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ಅೞಿ ಎಂದರೆ ನಾಶವಾಗು, ಅಳಿ ಎಂದರೆ ದುಂಬಿ. ಕೇಶಿರಾಜನ ಕಾಲಕ್ಕೇ ೞಕಾರದ ಬಳಕೆಯಲ್ಲಿ ಗೊಂದಲ ಹುಟ್ಟಿದ್ದುದರಿಂದ ಅವನು ಅದು ಎಲ್ಲೆಲ್ಲಿ ಬರತಕ್ಕದ್ದೆಂಬುದನ್ನು ಶಬ್ದಗಳನ್ನು ಎತ್ತಿ ಹೇಳಿ ನಿಯಮಿಸಲು ಶ್ರಮಪಟ್ಟಿರುವನು. ಮುಂದಿನ ಲಿಪಿಕಾರರು ತಮ್ಮ ನಾಲಗೆಯಲ್ಲಿ ಇಲ್ಲದ ಅಕ್ಷರವನ್ನು ಓಲೆಯಲ್ಲಿಯೂ ಬಿಟ್ಟರು. ೞಕಾರಕ್ಕೆ ಳಕಾರವನ್ನು, ಱಕಾರಕ್ಕೆ ರಕಾರವನ್ನು ಬರೆದರು. ಅವರನ್ನು ದೂಷಿಸಿ ಫಲವಿಲ್ಲ. ಆದರೆ ಈ ಬದಲಿಕೆಯಿಂದ ಬದುಕು ಕತ್ತಿಗಳೆರಡೂ ಒಂದೇ ‘ಬಾಳು’ ಆದುವು. ಫ. ಗು. ಹಳಕಟ್ಟಿಯವರು ಊರೂರು ಅಲೆದು ಕಟ್ಟುಗಳನ್ನು ಕೂಡಿಹಾಕಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು 1923ರಲ್ಲಿ ಅಚ್ಚುಹಾಕಿಸಿದ ಮೇಲೆ ವಚನಗಳ ಪಾಠಸಂಶೋಧನೆಗೆ ಕೈಹಾಕಿದ ವಿದ್ವಾಂಸರೆಲ್ಲರೂ ಇಂತಹ ತೊಡಕುಗಳನ್ನು ಎದುರಿಸಬೇಕಾಯಿತು. ‘ಅರಿವು’ ಎಂದು ಭಕ್ತರ ಬಾಯಲ್ಲಿ ನಿತ್ಯವೂ ಆಡುವ ಮಾತು ಮೂಲದಲ್ಲಿ ಅಱಿವು. ಕತ್ತರಿಸುವ ಅರಿಗೂ ಅದಕ್ಕೂ ಹುಟ್ಟಿನಿಂದ ನಂಟಿಲ್ಲ. ಇದು ತಿಳಿಯದೆ, ಅಜ್ಞಾನವನ್ನು ಅರಿಯುವುದರಿಂದ, ಎಂದರೆ ಕತ್ತರಿಸುವುದರಿಂದ ಅರಿವೆಂಬ ಹೆಸರಾಯಿತೆಂದು ಯಾರಾದರೂ ಅರ್ಥ ಬಿಡಿಸಹೊರಟರೆ ಅದು ಇಂಪಾಗಿರಬಹುದು, ದಿಟವಾಗದು.

ಈಗಿನ ಕಾಲದಲ್ಲಿ ಅಚ್ಚಿಗೆ ಹೋಗುವ ಬರಹವನ್ನು ಗಣಕಯಂತ್ರದಲ್ಲಿ ತಿದ್ದುವರು. ಒಂದು ಶಬ್ದವನ್ನು ಹೇಳಿ ಅದು ಬಂದ ಕಡೆಯಲ್ಲೆಲ್ಲ ಇನ್ನೊಂದನ್ನು ನಿಲ್ಲಿಸು ಎಂದರೆ ಯಂತ್ರವು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಸಾವಿರ ಪುಟಗಳಲ್ಲಿ ಹಾಗೆ ಮಾಡುವುದು. ಇದೂ ಒಂದು ಬಗೆಯ ಆದೇಶವೇ. ಆದರೆ ಸಂದರ್ಭವನ್ನು ನೋಡದ ಆದೇಶ. ಪಾಲು ಎಂಬುದಕ್ಕೆ ಹಾಲು ಎಂದು ನಿಲ್ಲಿಸಹೇಳಿದರೆ ಪಾಲುದಾರನು ಹಾಲುದಾರನಾಗುವನು, ಅಣ್ಣತಮ್ಮಂದಿರ ಪಾಲುಪಟ್ಟಿಯು ಹಾಲುಪಟ್ಟಿಯಾಗುವುದು! ಲಿಪಿಕಾರನು ಓಲೆಗೊಂದು ತಪ್ಪು ಮಾಡಿದರೆ ಯಂತ್ರವು ಗ್ರಂಥಕ್ಕೊಂದು ತಪ್ಪು ಮಾಡಬಲ್ಲುದು.

ಕನ್ನಡದ ಅಚ್ಚ ಮಾತಿನಲ್ಲಿ ಬದಲಿಗೆ ಏನೆನ್ನುತ್ತಿದ್ದರೆಂಬ ಪ್ರಶ್ನೆಯೂ ಏಳುವುದು. ‘ಬದಲು’ ಎಂಬುದೇ ಅರಬ್ಬಿಯ ಮಾತು. ಪಾರಸಿ, ಉರ್ದು, ಮರಾಠಿಗಳ ಕೂಡ ಆಡಳಿತದೊಡನೆ ಬಂದು ಕನ್ನಡದ ಮೈಗೆ ಹತ್ತಿಹೋದುದು. ಅದಕ್ಕೆ ಮೊದಲು ಆ ಎಡೆಯಲ್ಲಿದ್ದ ಮಾತುಗಳಲ್ಲಿ ‘ಮಾಱು’ ಒಂದು. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವುದು ಅದರ ಅರ್ಥ. ಈಗ ಅದು ಬೆಲೆಗೆ ಕೊಡುವುದೆಂಬ ಒಂದೇ ಅರ್ಥಕ್ಕೆ ಇಳಿದಿದೆ. ಆದರೂ ವೇಷವನ್ನು ಬದಲಿಸಿದವನಿಗೆ ಮಾರುವೇಷದವನೆಂದೂ, ಕೂಗಿಗೆ ಬದಲಾಗಿ ಬೆಟ್ಟದಿಂದ ಬಂದ ಕೂಗಿಗೆ ಮಾರ್ದನಿಯೆಂದೂ, ಉತ್ತರಕ್ಕೆ ಮಾರ್ನುಡಿಯೆಂದೂ ಹೇಳುವಾಗ ಸ್ಥಾನಿಯು ಸಮಾಸದ ಮೂಲೆಯಲ್ಲಿ ಕುಳಿತಿರುವುದು ಕಾಣುವುದು.

ಇನ್ನು ಅಪ್ಪಣೆಯೆಂಬ ಅರ್ಥದ ಆದೇಶ. ಅರಸರ ಕಾಲದಲ್ಲಿ ಇದಕ್ಕೆ ನಿರೂಪವೆಂಬ ಮಾತಿತ್ತು. ಮಠಗಳಲ್ಲಿ ಗುರುಗಳ ಅಪ್ಪಣೆಯೆಂಬುದು ಇಂದಿಗೂ ಇದೆ. ನವಾಬರ, ಪೇಶ್ವೆಯವರ, ನಿಜಾಮರ ಕಚೇರಿಗಳಿಂದ ‘ಹುಕುಂ’ ಎಂಬ ಅರಬ್ಬಿಯ ಮಾತು ಹಬ್ಬಿ ಆಂಗ್ಲರ ಕಾಲದಲ್ಲಿಯೂ ನಿಂತಿತು. ಹೈದರಾಬಾದು ಸಂಸ್ಥಾನದಲ್ಲಿದ್ದ ಕನ್ನಡ ಜಿಲ್ಲೆಗಳಲ್ಲಿ 1948ರವರೆಗೆ ಉರ್ದುವೇ ಆಡಳಿತದ ಭಾಷೆಯಾಗಿದ್ದಿತು. 1956ರಲ್ಲಿ ಕನ್ನಡನಾಡು ಒಂದಾಗಿ, 1963ರಲ್ಲಿ ಕನ್ನಡವು ರಾಜ್ಯದ ಆಡಳಿತ ಭಾಷೆಯೆಂದು ಶಾಸನವಾದ ಮೇಲೆ, ಕಚೇರಿಯ ಕನ್ನಡದಲ್ಲಿ ಹುಕುಮಿನ ಎಡೆಯಲ್ಲಿ ಬಂದು ನೆಲೆಗೊಂಡ ಮಾತೇ ಆದೇಶ. ಒಂದರ ಸ್ಥಾನದಲ್ಲಿ ಇನ್ನೊಂದು ಬರುವುದಕ್ಕೆ ಹೆಸರಾದ ಶಬ್ದವು ತಾನೇ ಇನ್ನೊಂದು ಶಬ್ದದ ಸ್ಥಾನದಲ್ಲಿ ಬಂದು ಕುಳಿತಂತಾಯಿತು. ಹುಕುಮಿಗಿದ್ದ ಅಧಿಕಾರವೆಲ್ಲವೂ ಅದಕ್ಕೆ ಬಂದಿತು. ಪಾಣಿನಿಯ ನಿಯಮವು ತಹಶೀಲದಾರರ ಕಚೇರಿಯಲ್ಲಿಯೂ ನಡೆಯಿತೆನ್ನಬೇಕು. ಆದರೆ ಒಂದು ಎಡೆಯಲ್ಲಿ ಮಾತ್ರ ಸ್ಥಾನಿಯು ಕದಲಲಿಲ್ಲ. ಸರ್ಕಾರದ ನೆಲವನ್ನು ಅಪ್ಪಣೆಯಿಲ್ಲದೆ ಉತ್ತುಕೊಂಡಿರುವ ರೈತರ ಸಾಗುವಳಿಗೆ ಈಗಲೂ ‘ಬಗರ್‌ಹುಕುಂ’ ಎಂದೇ ಹೆಸರು. ಬಗೈರ್ ಎಂದರೆ ಹೊರತಾಗಿ, ಹುಕುಮಿನ ಹೊರತಾಗಿ. ನಮೂನೆ 50, ನಮೂನೆ 53, ನಮೂನೆ 57 ಎಂದು ಅರ್ಜಿಗಳ ಸಂಖ್ಯೆಗಳು ಬದಲಾದುವು, ಸಮಿತಿಗಳು ಬದಲಾದುವು, ಸಕ್ರಮಗೊಳಿಸಿ ಕೊಡುವ ಕಾಗದಕ್ಕೂ ಆದೇಶವೆಂದೇ ಹೆಸರಾಯಿತು. ಆದರೆ ಆ ಕಾಗದಕ್ಕಾಗಿ ಕಾದಿರುವ ರೈತನನ್ನು ಕೇಳಿದರೆ ಅವನು ತನ್ನ ಹೊಲವನ್ನು ಆದೇಶವಿಲ್ಲದ ಹೊಲವೆನ್ನುವುದಿಲ್ಲ, ಬಗರ್‌ಹುಕುಂ ಜಮೀನು ಎಂದೇ ಹೇಳುವನು.